ಅಕಾನ್ ಭಾಷೆಯಲ್ಲಿ ‘ನಾನಿದ್ದೇನೆ’ ಅಂದರೆ ‘ಎಲ್ಲಿ?’ ಅಂತ ಕೇಳುತ್ತಾರೆ

ಫ್ರಾನ್ಸಿನ ಫಿಲಾಸಫರ್ ದೆಕಾರ್ತ್‌ನ ಆ ಸಾಲು ಫಿಲಾಸಫಿ ಓದದವರಿಗೂ ಗೊತ್ತು. ‘ನಾನು ಯೋಚಿಸುತ್ತೇನೆ, ಆದ್ದರಿಂದ ನಾನು ಇದ್ದೇನೆ.’ ಕಣ್ಣು ಮೋಸ ಮಾಡಬಹುದು, ಈ ಮೈಯೇ ಸುಳ್ಳಿರಬಹುದು, ಇಡೀ ಜಗತ್ತು ಯಾವುದೋ ಮಾಯಾವಿಯ ಕೈಚಳಕ ಆಗಿರಬಹುದು, ಆದರೆ ಅನುಮಾನ ಪಡುತ್ತಾ ಕೂತಿರುವ ನಾನು ಮಾತ್ರ ಇದ್ದೇ ಇದ್ದೇನೆ ಅನ್ನೋದು ಅವನ ವಾದ. ಆ ‘ನಾನು’ಗೆ ಮೈ ಬೇಡ, ಜಾಗವೂ ಬೇಡ.

ಇದೇ ಸಾಲನ್ನು ಘಾನಾ ದೇಶದ ಅಕಾನ್ ಭಾಷೆಯಲ್ಲಿ ಹೇಳಿ ನೋಡೋಣ ಅಂತ ಹೊರಟವರು, ಆಫ್ರಿಕಾದ ಫಿಲಾಸಫಿಯನ್ನು ಯಾವ ಭಾಷೆಯಲ್ಲಿ ಮಾಡಬೇಕು ಅಂತ ಕೇಳುತ್ತಾ ಬಂದ ಫಿಲಾಸಫರ್ ಕ್ವಾಸಿ ವಿರೆಡು. 1931ರಲ್ಲಿ ಕುಮಾಸಿಯಲ್ಲಿ ಹುಟ್ಟಿದವರು, ಆಕ್ಸ್‌ಫರ್ಡ್‌ನಲ್ಲಿ ಗಿಲ್ಬರ್ಟ್ ರೈಲ್ ಹತ್ತಿರ ಓದಿದವರು, ಘಾನಾ ವಿಶ್ವವಿದ್ಯಾಲಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಪಾಠ ಮಾಡಿದವರು. ಅವರಿಗೆ ಅಲ್ಲೇ ಒಂದು ತೊಡಕು ಸಿಕ್ಕಿತು. ಅಕಾನ್‌ನಲ್ಲಿ ‘ಇರುವುದು’ ಅಂತ ಹೇಳಬೇಕಾದರೆ ‘ವೊ ಹೊ’ ಅನ್ನಬೇಕು. ಅದರಲ್ಲಿ ‘ಹೊ’ ಅಂದರೆ ‘ಅಲ್ಲಿ’. ಜಾಗ ಬಿಟ್ಟು ಬರೀ ಇರುವುದು ಅನ್ನೋ ಮಾತೇ ಆ ಭಾಷೆಯಲ್ಲಿ ನಿಲ್ಲುವುದಿಲ್ಲ. ದೆಕಾರ್ತ್‌ನ ಸಾಲು ಅಲ್ಲಿಗೆ ಹೋದರೆ ‘ಯೋಚಿಸುತ್ತೇನೆ, ಆದ್ದರಿಂದ ಅಲ್ಲಿ ಇದ್ದೇನೆ’ ಅಂತ ಆಗುತ್ತದೆ. ಕೇಳಿದವರು ಸಹಜವಾಗಿ ‘ಅಲ್ಲಿ ಅಂದರೆ ಎಲ್ಲಪ್ಪಾ?’ ಅಂತಾರೆ. ಜಾಗವೇ ಬೇಡದ ‘ನಾನು’ ಬಾಗಿಲಲ್ಲೇ ಎಡವಿ ಬೀಳುತ್ತದೆ.

ನಮಗೆ ಇದು ಪೂರ್ತಿ ಹೊಸದಲ್ಲ. ಪ್ರಹ್ಲಾದ ‘ಹರಿ ಇದ್ದಾನೆ’ ಅಂದ ಕೂಡಲೇ ಹಿರಣ್ಯಕಶಿಪು ಕೇಳಿದ್ದೇನು? ‘ಎಲ್ಲಿದ್ದಾನೆ? ಈ ಕಂಬದಲ್ಲಿದ್ದಾನಾ?’ ಕನ್ನಡದಲ್ಲಿ ‘ಇರು’ ಅನ್ನೋ ಕ್ರಿಯಾಪದಕ್ಕೆ ‘ಇಲ್ಲೇ ಇರು’ ಅನ್ನೋ ವಾಸನೆ ಇನ್ನೂ ಅಂಟಿಕೊಂಡಿದೆ. ಜಾಗದ ಹಂಗಿಲ್ಲದ ಇರುವಿಕೆ ಬೇಕಾದಾಗ ನಾವು ‘ಅಸ್ತಿತ್ವ’ ಅನ್ನೋ ಸಂಸ್ಕೃತ ಪದವನ್ನು ಸಾಲ ತರುತ್ತೇವೆ. ಅಕಾನ್‌ಗೆ ಹಾಗೆ ಸಾಲ ಕೊಡೋ ಪಕ್ಕದ ಮನೆ ಇಂಗ್ಲಿಷ್ ಆಗಿಬಿಟ್ಟಿದೆ, ಅಷ್ಟೇ ವ್ಯತ್ಯಾಸ.

ಇಲ್ಲಿ ಒಂದು ವಿಷಯ ಸರಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ಹದಗೆಡುತ್ತದೆ. ‘ಅಕಾನ್‌ನಲ್ಲಿ ಹೇಳೋಕಾಗಲ್ಲ, ಆದ್ದರಿಂದ ದೆಕಾರ್ತ್ ತಪ್ಪು’ ಅಂತ ವಿರೆಡು ಹೇಳಲಿಲ್ಲ. ಅವರು ಹೇಳಿದ್ದು ಇನ್ನೂ ಸಣ್ಣ ಮಾತು, ಆದರೆ ಹರಿತವಾದ ಮಾತು. ಒಂದು ವಾದ ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಸಲೀಸಾಗಿ ಓಡಿ ನಿಮ್ಮ ಭಾಷೆಯಲ್ಲಿ ಕುಂಟಿದರೆ, ಆ ವಾದ ನಿಂತಿರೋದು ವಿಷಯದ ಮೇಲಾ ಅಥವಾ ಆ ಭಾಷೆಯ ವ್ಯಾಕರಣದ ಮೇಲಾ ಅಂತ ಒಮ್ಮೆ ನೋಡಿ. ವಿಷಯದ ಮೇಲೆ ನಿಂತಿದ್ದರೆ ಎರಡೂ ಭಾಷೆಯವರು ಒಪ್ಪಬಹುದಾದ ಕಾರಣ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಅದು ನಾಲಿಗೆಗೆ ಅಂಟಿದ ಸಮಸ್ಯೆ. ಆ ನಾಲಿಗೆಯವರು ಅದರ ಜೊತೆ ಒದ್ದಾಡಲಿ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಹಾಗಾಗಿ ‘ಆಫ್ರಿಕಾದ ಫಿಲಾಸಫಿಯನ್ನು ಯಾವ ಭಾಷೆಯಲ್ಲಿ ಮಾಡಬೇಕು’ ಅನ್ನೋ ಪ್ರಶ್ನೆಯನ್ನು ನಾನು ಭಾಷಾಭಿಮಾನದ ಪ್ರಶ್ನೆಯಾಗಿ ನೋಡುವುದಿಲ್ಲ. ಅಭಿಮಾನ ಇರಲಿ ಬಿಡಿ, ಒಳ್ಳೆಯದೇ. ಆದರೆ ಇದು ಮೊದಲಿಗೆ ಒರೆಗಲ್ಲಿನ ಪ್ರಶ್ನೆ. ಚಿನ್ನ ಕೊಡುವವನೂ ಒರೆಗಲ್ಲು ತರುವವನೂ ಒಬ್ಬನೇ ಆದರೆ ವ್ಯಾಪಾರ ಹೇಗಿರುತ್ತದೆ ಅಂತ ಗೊತ್ತಲ್ವಾ?

ವಿರೆಡು ಇನ್ನೊಂದು ಉದಾಹರಣೆ ಕೊಡುತ್ತಿದ್ದರು, ಅದು ಸತ್ಯದ್ದು. ಅಕಾನ್‌ನಲ್ಲಿ ಸತ್ಯಕ್ಕೆ ‘ನೊಕ್ವಾರೆ’ ಅನ್ನುತ್ತಾರೆ. ಬಿಡಿಸಿದರೆ ‘ಒಂದೇ ಬಾಯಿ’. ಎರಡು ನಾಲಿಗೆಯವನು ಅಂತ ನಾವು ಸುಳ್ಳನನ್ನು ಬೈಯುತ್ತೇವಲ್ಲ, ಅದರ ತಿರುಗುಮುರುಗು. ಆದರೆ ಇದು ಮನುಷ್ಯನ ಗುಣದ ಮಾತು, ಪ್ರಾಮಾಣಿಕತೆಯ ಮಾತು. ‘ಹೊರಗೆ ಮಳೆ ಬರುತ್ತಿದೆ ಅನ್ನೋದು ನಿಜ’ ಅನ್ನುವಾಗಿನ ನಿಜಕ್ಕೆ ಅಕಾನ್‌ನವರು ‘ಅದು ಹಾಗಿದೆ’ ಅಂತಷ್ಟೇ ಹೇಳುತ್ತಾರೆ. ನಮ್ಮ ‘ಹೌದು’ ಕೂಡ ಹೆಚ್ಚುಕಮ್ಮಿ ಅದೇ ಜಾತಿಯದು, ಹಳೆಯ ‘ಅಹುದು’ ಸವೆದು ಆದದ್ದು. ಈಗ ಪಶ್ಚಿಮದ ತರಗತಿಗಳಲ್ಲಿ ಪೀಳಿಗೆಗಟ್ಟಲೆ ಚರ್ಚೆಯಾದ ಒಂದು ಸಿದ್ಧಾಂತ ಇದೆ. ಒಂದು ಮಾತು ಸತ್ಯ ಆಗೋದು ಅದು ವಾಸ್ತವಕ್ಕೆ ಹೊಂದಿದಾಗ ಅಂತ. ಇದನ್ನು ಅಕಾನ್‌ಗೆ ಹಾಕಿದರೆ ‘ಸತ್ಯ’ಕ್ಕೂ ‘ವಾಸ್ತವ’ಕ್ಕೂ ಒಂದೇ ಪದಗುಚ್ಛ ಬರುತ್ತದೆ, ‘ಹಾಗಿರುವುದು’ ಅಂತ. ಹಾಗಿರುವುದು ಹಾಗಿರುವುದಕ್ಕೆ ಹೊಂದುತ್ತದೆ. ಸರಿ, ಆಮೇಲೆ? ದೊಡ್ಡ ಸಿದ್ಧಾಂತ ಅಂದುಕೊಂಡದ್ದು ಸುಮ್ನೆ ಹೇಳಿದ್ದನ್ನೇ ಹೇಳಿದಂತೆ ಕೇಳಿಸುತ್ತದೆ. ಸತ್ಯದ ಬಗ್ಗೆ ಕೇಳಬೇಕಾದ ಪ್ರಶ್ನೆ ಅಕಾನ್‌ನಲ್ಲೂ ಉಳಿಯುತ್ತದೆ, ಒಂದು ಮಾತನ್ನು ‘ಹಾಗಿದೆ’ ಅಂತ ಯಾವ ಆಧಾರದ ಮೇಲೆ ಹೇಳುತ್ತೀಯಾ ಅಂತ. ಆದರೆ ಈ ನಿರ್ದಿಷ್ಟ ಜಗಳ ಉಳಿಯುವುದಿಲ್ಲ.

ಭಾಷೆ ಅದಲು ಬದಲಾದಾಗ ಆಗುವ ಅನಾಹುತಕ್ಕೆ ಉಗಾಂಡದ ಕವಿ, ಚಿಂತಕ ಓಕೋಟ್ ಪ ಬಿಟೆಕ್ ಹೇಳಿದ ಒಂದು ಪ್ರಸಂಗ ಇದೆ. ಇದನ್ನು ಓದಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. 1911ರಲ್ಲಿ ಇಟಲಿಯ ಪಾದ್ರಿಗಳು ಅಚೋಲಿ ಹಿರಿಯರನ್ನು ಕೂರಿಸಿಕೊಂಡು ‘ನಿಮ್ಮನ್ನು ಸೃಷ್ಟಿ ಮಾಡಿದವರು ಯಾರು?’ ಅಂತ ಕೇಳಿದರು. ಆ ಭಾಷೆಯಲ್ಲಿ ಏನೂ ಇಲ್ಲದ್ದರಿಂದ ಏನನ್ನೋ ಸೃಷ್ಟಿಸುವುದು ಅನ್ನೋದಕ್ಕೆ ಪದ ಇರಲಿಲ್ಲ. ಹಾಗಾಗಿ ಪ್ರಶ್ನೆ ‘ನಿಮ್ಮನ್ನು ತಿದ್ದಿ ರೂಪ ಕೊಟ್ಟವರು ಯಾರು?’ ಅಂತ ಆಯಿತು, ಕುಂಬಾರ ಮಡಕೆಗೆ ಕೊಡುತ್ತಾನಲ್ಲ ಹಾಗೆ. ಹಿರಿಯರಿಗೆ ಅರ್ಥ ಆಗಲಿಲ್ಲ. ಮನುಷ್ಯರು ತಾಯಿ ಹೊಟ್ಟೆಯಲ್ಲಿ ಹುಟ್ಟುತ್ತಾರೆ, ಇದೇನು ಪ್ರಶ್ನೆ? ಗೊತ್ತಿಲ್ಲ ಅಂದರು. ಪಾದ್ರಿಗಳು ಬಿಡಲಿಲ್ಲ, ಉತ್ತರ ಬೇಕೇ ಬೇಕು ಅಂದರು. ಕೊನೆಗೆ ಒಬ್ಬರಿಗೆ ಏನೋ ನೆನಪಾಯಿತು. ಚೆನ್ನಾಗಿ ಹುಟ್ಟಿದ ಮನುಷ್ಯನಿಗೂ ಬೆನ್ನುಮೂಳೆಯ ಕ್ಷಯ ಬಂದರೆ ಬೆನ್ನು ಬಾಗಿ ಗೂನಾಗುತ್ತದೆ, ಮೈಯ ಆಕಾರವೇ ಬದಲಾಗುತ್ತದೆ. ಹಾಗೆ ಮಾಡೋ ಕೆಟ್ಟ ಶಕ್ತಿಗೆ ರುಬಾಂಗ ಅಂತ ಹೆಸರು. ‘ಮನುಷ್ಯರ ರೂಪ ತಿದ್ದುವವನು ರುಬಾಂಗ’ ಅಂದರು ಹಿರಿಯರು. ಪಾದ್ರಿಗಳು ಖುಷಿಯಾಗಿ ಬರೆದುಕೊಂಡರು. ಗೂನುಬೆನ್ನು ತರುವ ಶಕ್ತಿಯ ಹೆಸರೇ ಅಚೋಲಿ ಭಾಷೆಯಲ್ಲಿ ಕ್ರೈಸ್ತರ ದೇವರ ಹೆಸರಾಯಿತು.

ತಪ್ಪು ಎಲ್ಲಿ ಆಯಿತು? ಉತ್ತರದಲ್ಲಿ ಅಲ್ಲ. ಪ್ರಶ್ನೆ ಒಂದು ಭಾಷೆಯಲ್ಲಿ ಮೊದಲೇ ತಯಾರಾಗಿ ಬಂದಿತ್ತು, ಇನ್ನೊಂದು ಭಾಷೆ ಅದಕ್ಕೆ ಉತ್ತರ ತುಂಬಿಕೊಡಬೇಕಿತ್ತು. ಅರ್ಜಿ ಫಾರಂ ತುಂಬಿದ ಹಾಗೆ. ಆಫ್ರಿಕಾದ ಫಿಲಾಸಫಿ ಅಂತ ಇಪ್ಪತ್ತನೇ ಶತಮಾನದಲ್ಲಿ ಬರೆದದ್ದರಲ್ಲಿ ಎಷ್ಟೋ ಪಾಲು ಹೀಗೆ ಫಾರಂ ತುಂಬಿದ್ದೇ ಅನ್ನೋದು ವಿರೆಡು ಅವರಂಥವರ ಸಂಕಟ.

ಹಾಗಾದರೆ ಸ್ವಂತ ಭಾಷೆಯನ್ನೇ ಅಗೆದು ಅಲ್ಲಿಂದ ಫಿಲಾಸಫಿ ತೆಗೆಯಬಹುದಲ್ಲ? ಅದನ್ನೂ ಮಾಡಿ ನೋಡಿದ್ದಾರೆ. 1945ರಲ್ಲಿ ಕಾಂಗೋದಲ್ಲಿದ್ದ ಬೆಲ್ಜಿಯಂನ ಪಾದ್ರಿ ಪ್ಲಾಸಿಡ್ ಟೆಂಪೆಲ್ಸ್ ಬಾಂಟು ಜನರಿಗೂ ಒಂದು ಫಿಲಾಸಫಿ ಇದೆ ಅಂತ ಪುಸ್ತಕ ಬರೆದ. ಆ ಕಾಲಕ್ಕೆ ಅದೇ ದೊಡ್ಡ ಮಾತು. ಆದರೆ ಆ ಜನಕ್ಕೆ ತಮ್ಮ ಫಿಲಾಸಫಿಯನ್ನು ತಾವೇ ವಿವರಿಸೋಕೆ ಬರಲ್ಲ, ನಾವು ಹೇಳಿಕೊಡಬೇಕು ಅನ್ನೋ ಧಾಟಿಯೂ ಅದರಲ್ಲೇ ಇತ್ತು. ಹತ್ತು ವರ್ಷದ ಮೇಲೆ ರುವಾಂಡದ ಅಲೆಕ್ಸಿಸ್ ಕಗಾಮೆ ಬಂದರು. ಇವರೂ ಪಾದ್ರಿಯೇ, ಆದರೆ ಮಣ್ಣಿನ ಮಗ, ಕಿನ್ಯರ್ವಾಂಡದಲ್ಲಿ ಕವಿತೆ ಬರೆದವರು. ಬಾಂಟು ಭಾಷೆಗಳಲ್ಲಿ ನಾಮಪದಗಳು ಗುಂಪು ಗುಂಪಾಗಿರುತ್ತವೆ, ಪದದ ಮುಂದೆ ಬರುವ ಅಕ್ಷರ ನೋಡಿ ಯಾವ ಗುಂಪು ಅಂತ ಹೇಳಬಹುದು. ಕಗಾಮೆ ಆ ಗುಂಪುಗಳಿಂದ ನಾಲ್ಕು ಮೂಲ ವರ್ಗ ತೆಗೆದರು. ಉಮುಂಟು ಅಂದರೆ ಬುದ್ಧಿ ಇರುವುದು, ಇಕಿಂಟು ಅಂದರೆ ಬುದ್ಧಿ ಇಲ್ಲದ ವಸ್ತು, ಅಹಂಟು ಅಂದರೆ ದೇಶ ಕಾಲ, ಉಕುಂಟು ಅಂದರೆ ರೀತಿ. ಎಲ್ಲದರ ಬುಡದಲ್ಲೂ ಒಂದೇ ‘ನ್ಟು’. ಅರಿಸ್ಟಾಟಲ್ ಗ್ರೀಕ್ ಭಾಷೆಯಿಂದ ಹತ್ತು ವರ್ಗ ತೆಗೆದನಲ್ಲ, ನಮ್ಮ ಭಾಷೆಯಿಂದ ನಾಲ್ಕು ಬಂತು ಅನ್ನೋ ಹಾಗೆ.

ಓದೋಕೆ ಚಂದ. ಆದರೆ ವ್ಯಾಕರಣ ಅಂದರೆ ಫಿಲಾಸಫಿ ಅಂತ ಒಪ್ಪಿಕೊಂಡರೆ ಎಲ್ಲಿಗೆ ಹೋಗಿ ಮುಟ್ಟುತ್ತೇವೆ ಅಂತ ಕನ್ನಡದಲ್ಲೇ ನೋಡಿ. ‘ಮಗು ಅಳುತ್ತಿದೆ.’ ಅಳುತ್ತಿದ್ದಾನೆ ಅಲ್ಲ, ಅಳುತ್ತಿದ್ದಾಳೆ ಅಲ್ಲ, ಅಳುತ್ತಿದೆ. ಕಲ್ಲು ಬಿದ್ದಿದೆ, ನಾಯಿ ಮಲಗಿದೆ, ಮಗು ಅಳುತ್ತಿದೆ. ಇದನ್ನು ಕೇಳಿದ ಯಾರೋ ಪರದೇಶದ ಪಂಡಿತ ‘ಕನ್ನಡಿಗರ ದರ್ಶನದಲ್ಲಿ ಹಸುಗೂಸುಗಳು ವಸ್ತುಗಳು’ ಅಂತ ಪ್ರಬಂಧ ಬರೆದರೆ ನಮ್ಮ ಅಜ್ಜಿಯರು ಪೊರಕೆ ತಗೊಂಡು ಬರುತ್ತಾರೆ.

ಇದೇ ಜಾಡಿನಲ್ಲಿ ಕೀನ್ಯಾದ ಜಾನ್ ಎಂಬಿಟಿ 1969ರಲ್ಲಿ ಇನ್ನೂ ಮುಂದೆ ಹೋದರು. ಕಿಕಾಂಬಾ, ಗಿಕುಯು ಭಾಷೆಗಳ ಕ್ರಿಯಾಪದಗಳಲ್ಲಿ ಭವಿಷ್ಯ ಅಂದರೆ ಕೆಲವು ತಿಂಗಳು, ಜಾಸ್ತಿ ಅಂದರೆ ಎರಡು ವರ್ಷ, ಅದರಾಚೆಗೆ ರೂಪಗಳೇ ಇಲ್ಲ, ಹಾಗಾಗಿ ಆಫ್ರಿಕನ್ನರ ಸಾಂಪ್ರದಾಯಿಕ ಚಿಂತನೆಯಲ್ಲಿ ದೂರದ ಭವಿಷ್ಯ ಅನ್ನೋದೇ ಇಲ್ಲವೆಂದರು. ನಾವು ‘ಈಗ ಬರ್ತೀನಿ’ಗೂ ‘ಬರೋ ವರ್ಷ ಬರ್ತೀನಿ’ಗೂ ಒಂದೇ ರೂಪ ಬಳಸುತ್ತೇವೆ. ಆದರೂ ಇಪ್ಪತ್ತು ವರ್ಷದ ಗೃಹಸಾಲಕ್ಕೆ ಸಹಿ ಹಾಕುತ್ತೇವೆ, ಅಲ್ವಾ? ಎಂಬಿಟಿ ಅವರ ಮೇಲೆ ಆಫ್ರಿಕಾದವರೇ ಮುಗಿಬಿದ್ದರು, ಬೀಳಬೇಕಾದದ್ದೇ.

ಈ ಇಡೀ ಪರಂಪರೆಗೆ ಜೋರಾಗಿ ಬ್ರೇಕ್ ಹಾಕಿದವರು ಬೆನಿನ್ ದೇಶದ ಪೊಲಾಂ ಹುಂಟೊಂಜಿ. 2024ರಲ್ಲಿ ತೀರಿಕೊಂಡರು. ಒಂದು ಜನಾಂಗಕ್ಕೆ ಪೂರ್ತಿ ಸೇರಿದ, ಯಾರೂ ಬರೆಯದ, ಯಾರೂ ಅಲ್ಲಗಳೆಯದ ಫಿಲಾಸಫಿ ಅನ್ನೋದು ಇರಲಾರದು ಅಂತ ಅವರು 1970ರ ದಶಕದಲ್ಲೇ ಹೇಳಿದರು. ಫಿಲಾಸಫಿ ಅಂದರೆ ಒಬ್ಬ ವಾದ ಮಾಡಬೇಕು, ಇನ್ನೊಬ್ಬ ಅದನ್ನು ಮುರಿಯಬೇಕು, ಅದಕ್ಕೆ ಬರಹ ಬೇಕು, ಓದುಗರು ಬೇಕು. ಗಾದೆಗಳನ್ನು ಒಟ್ಟು ಹಾಕಿದರೆ ಗಾದೆಗಳ ರಾಶಿ ಆಗುತ್ತದೆ, ಅಷ್ಟೇ. ಹುಂಟೊಂಜಿ ಇದನ್ನೆಲ್ಲ ಹೇಳಿದ್ದು ಫ್ರೆಂಚಿನಲ್ಲಿ. ಅವರ ಟೀಕಾಕಾರರು ಅದನ್ನೇ ಹಿಡಿದುಕೊಂಡರು. ಓದುಗರು ಯಾರು ಸ್ವಾಮಿ? ಪ್ಯಾರಿಸ್‌ನವರಾ?

ನನ್ನ ಮಟ್ಟಿಗೆ ಹುಂಟೊಂಜಿ ಮಾತಲ್ಲೂ ಅವರ ಟೀಕಾಕಾರರ ಮಾತಲ್ಲೂ ಅರ್ಧರ್ಧ ಹುರುಳಿದೆ. ಆ ಎರಡು ಅರ್ಧಗಳನ್ನು ಚೆನ್ನಾಗಿ ಕೂಡಿಸಿದ ಕೆಲಸ ಅಂದರೆ ಯೊರುಬಾ ಭಾಷೆಯ ಮೇಲೆ ಆದದ್ದು. ನೈಜೀರಿಯಾದ ಇಫೆಯಲ್ಲಿ ಬ್ಯಾರಿ ಹ್ಯಾಲೆನ್ ಮತ್ತು ಒಲುಬಿ ಸೊಡಿಪೊ ಒಂದು ಕೆಲಸ ಮಾಡಿದರು. ಯೊರುಬಾದ ನಾಟಿ ವೈದ್ಯರನ್ನು ಮಾಹಿತಿ ಕೊಡುವವರು ಅಂತ ನೋಡದೆ, ಸಹೋದ್ಯೋಗಿಗಳ ಹಾಗೆ ಕೂರಿಸಿಕೊಂಡು, ಪದಗಳ ಬಗ್ಗೆ ಪ್ರಶ್ನೆ ಕೇಳುತ್ತಾ ಹೋದರು. ಈ ಪದ ಯಾವಾಗ ಬಳಸುತ್ತೀರಿ? ಯಾವಾಗ ಬಳಸುವುದಿಲ್ಲ? ಪುಸ್ತಕ 1986ರಲ್ಲಿ ಬಂತು. ಸಿಕ್ಕಿದ್ದೇನು ಅಂದರೆ, ಯೊರುಬಾದಲ್ಲಿ ‘ಮೊ’ ಅಂದರೆ ತಿಳಿದಿರುವುದು. ಆದರೆ ಸ್ವತಃ ಕಣ್ಣಿಂದ ಕಂಡು, ಮನಸ್ಸಿಗೂ ಒಪ್ಪಿದ್ದಕ್ಕೆ ಮಾತ್ರ ಆ ಪದ. ಬೇರೆಯವರಿಂದ ಕೇಳಿ ಒಪ್ಪಿಕೊಂಡದ್ದು ‘ಗ್ಬಾಗ್ಬೊ’. ಕೇಳಿದ್ದನ್ನು ತೆಗೆದುಕೊಳ್ಳುವುದು ಅಂತ ಅದರ ಒಳಗಿನ ಅರ್ಥ. ಶಾಲೆಯಲ್ಲಿ ಕಲಿತದ್ದು, ಪುಸ್ತಕದಲ್ಲಿ ಓದಿದ್ದು, ಹಿರಿಯರು ಹೇಳಿದ್ದು, ರೇಡಿಯೋದಲ್ಲಿ ಬಂದದ್ದು, ಎಲ್ಲವೂ ಈ ಎರಡನೇ ಡಬ್ಬಕ್ಕೇ.

ಕನ್ನಡದವರಿಗೆ ಇದನ್ನು ವಿವರಿಸೋಕೆ ಕಷ್ಟವೇ ಇಲ್ಲ. ನಮ್ಮ ಹತ್ತಿರ ‘ಅಂತೆ’ ಇದೆ. ‘ಅವನು ಬಂದ’ ಅಂದರೆ ನಾನು ಹೊಣೆ. ‘ಅವನು ಬಂದನಂತೆ’ ಅಂದರೆ ಕೇಳಿದ್ದು ಹೇಳಿದೆ, ಸುಳ್ಳಾದರೆ ನನ್ನನ್ನು ಹಿಡಿಯಬೇಡಿ. ಎರಡೇ ಅಕ್ಷರದಲ್ಲಿ ಹೊಣೆ ಕೈ ಬದಲಾಯಿಸುತ್ತದೆ. ಅಂತೆ ಕಂತೆ ಅಂತ ಅದಕ್ಕೊಂದು ಬೈಗುಳವೂ ಇದೆ. ಇಂಗ್ಲಿಷಿನಲ್ಲಿ ಹೀಗೆ ಮಾಡಬೇಕಾದರೆ ಬೇರೆ ಪದವನ್ನೋ ವಾಕ್ಯವನ್ನೋ ಸೇರಿಸಬೇಕು. ಹಾಗಾಗಿ ಇಂಗ್ಲಿಷ್ ಮಾತಾಡುವವರು ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನೋದನ್ನು ‘ನನಗೆ ಗೊತ್ತು’ ಅಂತ ಆರಾಮಾಗಿ ಹೇಳುತ್ತಾರೆ. ಅವರಲ್ಲಿ ಎಷ್ಟು ಜನ ಅದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ? ಯೊರುಬಾ ಅಳತೆಯಲ್ಲಿ ಅದು ಅರಿವಲ್ಲ, ಕೇಳಿ ನಂಬಿದ್ದು. ಮಜಾ ಇರೋದು ಇಲ್ಲೇ. ‘ಆಫ್ರಿಕಾದ ಜನ ಹಿರಿಯರು ಹೇಳಿದ್ದನ್ನು ಪ್ರಶ್ನೆ ಮಾಡದೆ ನಂಬುತ್ತಾರೆ, ನಾವು ಪರೀಕ್ಷಿಸಿ ತಿಳಿಯುತ್ತೇವೆ’ ಅಂತ ಯುರೋಪಿನ ಎಷ್ಟೋ ಪಂಡಿತರು ಬರೆದಿದ್ದರು. ಪದಗಳನ್ನು ಹಿಡಿದು ನೋಡಿದರೆ ಯಾರ ಅಳತೆ ಬಿಗಿಯಾಗಿದೆ, ಯಾರದು ಸಡಿಲ? ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅನ್ನೋ ನಮ್ಮ ಗಾದೆ ಇಫೆಯ ವೈದ್ಯರಿಗೆ ಇಷ್ಟವಾಗುತ್ತಿತ್ತೇನೋ.

ಇದು ಮಗು ವಸ್ತು ಅನ್ನೋ ಥರದ ವ್ಯಾಕರಣದ ಆಟ ಅಲ್ಲ. ಪದಕೋಶ ತೆರೆದು ಕೂತದ್ದಲ್ಲ, ಆ ಪದಗಳನ್ನು ಬಳಸುವ ಜನರನ್ನೇ ವಾದಕ್ಕೆ ಎಳೆದದ್ದು. ಪರೀಕ್ಷೆಗೆ ಒಳಗಾದದ್ದು ಯೊರುಬಾ ಅಲ್ಲ, ಇಂಗ್ಲಿಷಿನ ‘ಗೊತ್ತು’ ಅನ್ನೋ ಪದ.

ಯೊರುಬಾದಿಂದಲೇ ಇನ್ನೊಂದು ದೊಡ್ಡ ಜಗಳ ಹುಟ್ಟಿತು. 1997ರಲ್ಲಿ ನೈಜೀರಿಯಾ ಮೂಲದ ಸಮಾಜಶಾಸ್ತ್ರಜ್ಞೆ ಓಯೆರೊಂಕೆ ಓಯೆವುಮಿ ಬರೆದರು. ಯೊರುಬಾದಲ್ಲಿ ಅವನು ಅವಳು ಅಂತ ಬೇರೆ ಸರ್ವನಾಮ ಇಲ್ಲ. ಒಡಹುಟ್ಟಿದವರಲ್ಲಿ ಅಣ್ಣ ಅಕ್ಕ ಅನ್ನೋ ಭೇದ ಇಲ್ಲ, ದೊಡ್ಡವರು ಚಿಕ್ಕವರು ಅಂತ ಮಾತ್ರ. ಅಂದರೆ ಆ ಸಮಾಜವನ್ನು ಕಟ್ಟಿದ್ದು ವಯಸ್ಸಿನ ಹಿರಿತನ, ಗಂಡು ಹೆಣ್ಣು ಅನ್ನೋ ವಿಂಗಡಣೆ ವಸಾಹತು ಆಳ್ವಿಕೆಯ ಜೊತೆ ಹೇರಿಕೆಯಾಗಿ ಬಂತು ಅನ್ನೋದು ಅವರ ವಾದ. ನಾವು ‘ಅವರು ಬಂದರು’ ಅಂದಾಗ ಗೌರವ ಗೊತ್ತಾಗುತ್ತದೆ, ಗಂಡೋ ಹೆಣ್ಣೋ ಗೊತ್ತಾಗಲ್ಲ. ಹಾಗಂತ ನಮ್ಮ ಮನೆಗಳಲ್ಲಿ ಆ ಭೇದ ಇಲ್ಲವಾ? ಪದದಲ್ಲಿ ಇಲ್ಲದ್ದು ಬಾಳಿನಲ್ಲೂ ಇರಲಿಲ್ಲ ಅಂತ ಹೇಗೆ ಹೇಳುತ್ತೀರಿ ಅಂತ ಆಫ್ರಿಕಾದ ಸ್ತ್ರೀವಾದಿಗಳೇ ಕೇಳಿದರು. ನನಗೂ ಓಯೆವುಮಿ ಅವರ ತೀರ್ಮಾನ ಹೆಚ್ಚಾಯಿತು ಅನಿಸುತ್ತದೆ. ಆದರೆ ಪ್ರಶ್ನೆ ಮಾತ್ರ ಇಂಗ್ಲಿಷಿನೊಳಗೆ ಕೂತವರಿಗೆ ಹೊಳೆಯುವಂಥದ್ದಲ್ಲ.

ಈಗ ಎಲ್ಲರೂ ಮುಜುಗರ ಪಡುವ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಅಷ್ಟೂ ಪುಸ್ತಕಗಳು ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿವೆ. ನಾನು ಓದಿದ್ದೂ ಇಂಗ್ಲಿಷಿನಲ್ಲೇ. ಅಕಾನ್ ಪದ ಬಂದಾಗ ಅದು ಓರೆ ಅಕ್ಷರದಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ಚಿಟ್ಟೆಯ ಹಾಗೆ ಕೂತಿರುತ್ತದೆ. ಸುತ್ತ ನಡೆಯೋ ವಾದವೆಲ್ಲ ಇಂಗ್ಲಿಷ್. ಕೀನ್ಯಾದ ಒಡೆರಾ ಒರೂಕಾ ಹಳ್ಳಿಗಳಿಗೆ ಹೋಗಿ, ಶಾಲೆ ಕಲಿಯದ ಆದರೆ ಸ್ವಂತವಾಗಿ ಯೋಚಿಸಬಲ್ಲ ಹಿರಿಯರನ್ನು ಅವರ ಭಾಷೆಯಲ್ಲೇ ಮಾತಾಡಿಸಿದರು, ಊರಿನ ನಂಬಿಕೆಯನ್ನು ಒಪ್ಪದೆ ತಮ್ಮದೇ ಕಾರಣ ಕೊಡುವವರನ್ನು ಹುಡುಕಿದರು. ಒಳ್ಳೆಯ ಕೆಲಸ. ಆದರೆ ಆ ಮಾತುಗಳು ಪುಸ್ತಕವಾದದ್ದು ಇಂಗ್ಲಿಷಿನಲ್ಲಿ. ಹೇಳಿದವರಿಗೇ ಓದಿ ತಿರುಗಿ ಜಗಳ ಆಡೋಕಾಗದ ಪುಸ್ತಕ.

ಸಾಹಿತ್ಯದಲ್ಲಿ ಈ ಜಗಳ ಮೊದಲೇ ಆಗಿತ್ತು. 1962ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಆಫ್ರಿಕಾದ ಲೇಖಕರ ಸಮ್ಮೇಳನ ನಡೆದಾಗ ಕರೆದದ್ದು ಇಂಗ್ಲಿಷಿನಲ್ಲಿ ಬರೆಯುವವರನ್ನು ಮಾತ್ರ. ಸ್ವಾಹಿಲಿಯ ದೊಡ್ಡ ಕವಿ ಶಾಬಾನ್ ರಾಬರ್ಟ್‌ಗೆ ಅಲ್ಲಿ ಕೂರುವ ಅರ್ಹತೆ ಇರಲಿಲ್ಲ. ಆ ಸಮ್ಮೇಳನಕ್ಕೆ ವಿದ್ಯಾರ್ಥಿಯಾಗಿ ಹೋಗಿದ್ದ ಕೀನ್ಯಾದ ಗೂಗಿ ವಾ ಥಿಯೊಂಗೊ ಮುಂದೆ ಗಿಕುಯುಗೆ ತಿರುಗಿದರು, ಕಮೀಟಿ ಜೈಲಿನಲ್ಲಿ ಟಾಯ್ಲೆಟ್ ಪೇಪರ್ ಮೇಲೆ ಗಿಕುಯು ಕಾದಂಬರಿ ಬರೆದರು. ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ ಇಂಗ್ಲಿಷನ್ನೇ ಬಗ್ಗಿಸಿ ನಮ್ಮದು ಮಾಡಿಕೊಳ್ಳೋಣ ಅಂದರು. ಕಾದಂಬರಿಗೆ ಅಚೆಬೆ ಮಾತು ಹೊಂದುತ್ತದೆ ಅಂತ ನನಗನಿಸುತ್ತದೆ. ಫಿಲಾಸಫಿಗೆ ಅಷ್ಟು ಸುಲಭವಾಗಿ ಹೊಂದಲ್ಲ. ಕಾದಂಬರಿಕಾರ ಭಾಷೆಯನ್ನು ಬಗ್ಗಿಸಬಹುದು. ಆದರೆ ಭಾಷೆಯೇ ನಿಮ್ಮ ಒರೆಗಲ್ಲು ಆಗಿರುವಾಗ ಅದನ್ನು ಬಗ್ಗಿಸಿದರೆ ಅಳತೆ ಕೆಡುತ್ತದೆ.

‘ಸರಿ, ಸ್ವಂತ ಭಾಷೆಯಲ್ಲೇ ಬರೆಯೋಣ. ಯಾವುದರಲ್ಲಿ?’ ಆಫ್ರಿಕಾದಲ್ಲಿ ಸುಮಾರು 2000 ಭಾಷೆಗಳಿವೆ, ನೈಜೀರಿಯಾ ಒಂದರಲ್ಲೇ 500ಕ್ಕೂ ಹೆಚ್ಚು. ಯೊರುಬಾದಲ್ಲಿ ಬರೆದರೆ ಹೌಸಾದವರು ಓದುವುದಿಲ್ಲ, ಇಬ್ಬರೂ ಓದೋದು ಇಂಗ್ಲಿಷ್. ಅಕಾನ್ ಇಡೀ ಘಾನಾದ ಭಾಷೆ ಅಲ್ಲ. ದೊಡ್ಡ ಭಾಷೆಯಲ್ಲಿ ಬರೆಯಿರಿ ಅಂದರೆ ಸಣ್ಣ ಭಾಷೆಯವರು ‘ಇದು ಇನ್ನೊಂದು ಯಜಮಾನಿಕೆ’ ಅನ್ನುತ್ತಾರೆ, ಅನ್ನದೆ ಇರುತ್ತಾರಾ? ಇನ್ನು ಓದು. ಬಹುತೇಕ ದೇಶಗಳಲ್ಲಿ ತಾಯ್ನುಡಿಯ ಓದು ಮೊದಲ ಕೆಲವು ತರಗತಿಗೆ ಮುಗಿಯುತ್ತದೆ. ನೈಜೀರಿಯಾ 2022ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ತಾಯ್ನುಡಿಯಲ್ಲೇ ಕಲಿಸುವ ನೀತಿ ತಂದು 2025ರಲ್ಲಿ ಅದನ್ನು ಕೈಬಿಟ್ಟಿತು. ಮಾಲಿ ದೇಶ 2023ರ ಹೊಸ ಸಂವಿಧಾನದಲ್ಲಿ ಫ್ರೆಂಚನ್ನು ಅಧಿಕೃತ ಭಾಷೆಯ ಸ್ಥಾನದಿಂದ ಇಳಿಸಿ ದೇಶದ ಭಾಷೆಗಳನ್ನು ಆ ಜಾಗಕ್ಕೆ ಏರಿಸಿತು. ಕಾಗದದ ಮೇಲೆ ದೊಡ್ಡ ಹೆಜ್ಜೆಯೇ. ಆದರೆ ಅಕ್ಷರ ಕಲಿಸದೆ ಓದುಗರು ಬರುವುದಿಲ್ಲ, ಓದುಗರಿಲ್ಲದೆ ಹುಂಟೊಂಜಿ ಕೇಳಿದ ವಾದ ಪ್ರತಿವಾದ ಹುಟ್ಟುವುದಿಲ್ಲ.

‘ಈ ಭಾಷೆಗಳಲ್ಲಿ ಪದಗಳೇ ಇಲ್ಲ’ ಅನ್ನೋ ಮಾತನ್ನು ಮಾತ್ರ ನಾನು ಒಪ್ಪಲ್ಲ. ಇಥಿಯೋಪಿಯಾದ ಗೀಜ್ ಭಾಷೆಯಲ್ಲಿ ಶತಮಾನಗಳ ಬರಹ ಇದೆ. ಟಿಂಬಕ್ಟುವಿನ ಅಹ್ಮದ್ ಬಾಬಾ 1615ರಲ್ಲೇ ಯಾರನ್ನು ಗುಲಾಮರಾಗಿಸುವುದು ನ್ಯಾಯ, ಯಾರನ್ನು ಅಲ್ಲ ಅಂತ ಅರಬ್ಬಿಯಲ್ಲಿ ವಾದಿಸಿ ಬರೆದರು. ಹೌಸಾ, ವೊಲೊಫ್ ಭಾಷೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆಯುವ ರೂಢಿಯೂ ಹಳೆಯದು. ಸ್ವಾಹಿಲಿಯಲ್ಲಿ ಫಿಲಾಸಫಿಗೆ ‘ಫಲ್ಸಫಾ’ ಅನ್ನುತ್ತಾರೆ, ಗ್ರೀಕರದ್ದು ಅರಬ್ಬಿ ದಾರಿಯಲ್ಲಿ ಬಂದದ್ದು. ಸಾಲ ತಂದ ಪದ ಅಂತ ಯಾರೂ ಅಳುವುದಿಲ್ಲ. ಸೆನೆಗಲ್‌ನ ಶೇಖ್ ಅಂತಾ ಜೋಪ್ ಸಾಪೇಕ್ಷತಾ ಸಿದ್ಧಾಂತದ ಭಾಗವನ್ನೇ ವೊಲೊಫ್‌ಗೆ ತಂದು ತೋರಿಸಿದರು.

ಜರ್ಮನ್ ಭಾಷೆಗೂ ಪದಗಳು ಆಕಾಶದಿಂದ ಉದುರಲಿಲ್ಲ. ಹಾಲೆ ಊರಿನ ಪ್ರೊಫೆಸರ್ ಕ್ರಿಸ್ಟಿಯಾನ್ ವೋಲ್ಫ್ 1710ರ ದಶಕದಲ್ಲಿ ಲ್ಯಾಟಿನ್ ಬಿಟ್ಟು ಜರ್ಮನ್‌ನಲ್ಲಿ ತರ್ಕಶಾಸ್ತ್ರ ಬರೆಯೋಕೆ ಕೂತಾಗ ಪದಗಳನ್ನು ಒಂದೊಂದಾಗಿ ಕಟ್ಟಬೇಕಾಯಿತು. ಆಮೇಲೆ ಜರ್ಮನ್‌ನಲ್ಲೇ ಬರೆದ ದೊಡ್ಡ ಫಿಲಾಸಫರ್ ಕಾಂಟ್ ಬಂದ. ಅದೇ ಹಾಲೆಯಲ್ಲಿ 1727ರಲ್ಲಿ ಒಬ್ಬ ಹುಡುಗ ಓದೋಕೆ ಸೇರಿದ, ಆಂಟನ್ ವಿಲ್ಹೆಲ್ಮ್ ಅಮೊ. ಇವತ್ತಿನ ಘಾನಾದ ಅಕ್ಸಿಮ್‌ನವನು, ತೀರಾ ಚಿಕ್ಕ ಮಗುವಾಗಿದ್ದಾಗಲೇ ಯುರೋಪಿಗೆ ಒಯ್ಯಲ್ಪಟ್ಟವನು. 1734ರಲ್ಲಿ ಅವನು ಬರೆದ ಪ್ರಬಂಧ ಮನಸ್ಸಿಗೆ ಸಂವೇದನೆ ಇಲ್ಲ, ಅದು ಮೈಗೆ ಸೇರಿದ್ದು ಅಂತ ವಾದಿಸಿ ದೆಕಾರ್ತ್‌ನನ್ನು ಟೀಕಿಸುತ್ತದೆ. ಬರೆದದ್ದು ಲ್ಯಾಟಿನ್‌ನಲ್ಲಿ. ಎರಡೂವರೆ ಶತಮಾನದ ಮೇಲೆ ಅದೇ ಕಡೆಯ ವಿರೆಡು ಅದೇ ದೆಕಾರ್ತ್‌ನ ಮೇಲೆ ಇಂಗ್ಲಿಷಿನಲ್ಲಿ ಬರೆದರು. ಅಮೊನ ತಲೆಯಲ್ಲಿ ಹುಟ್ಟೂರಿನ ಭಾಷೆಯ ಮನಸ್ಸು ಅನ್ನೋ ಕಲ್ಪನೆ ಉಳಿದಿತ್ತೇನೋ ಅಂತ ವಿರೆಡು ಊಹಿಸಿದ್ದೂ ಉಂಟು. ಅಷ್ಟು ಎಳೆಯ ಮಗುವಿಗೆ? ನನಗೆ ಅನುಮಾನ. ಆದರೆ ಆ ಊಹೆಯ ಹಿಂದಿನ ಆಸೆ ಅರ್ಥವಾಗುತ್ತದೆ.

ಪದ ಮಾತ್ರ ಹೊರಗೆ ಹೋಗಿ, ವಾದ ಮನೆಯಲ್ಲೇ ಉಳಿದರೆ ಏನಾಗುತ್ತದೆ ಅನ್ನೋದಕ್ಕೆ ಮನುಷ್ಯತನ ಅನ್ನೋ ಅರ್ಥದ ‘ಉಬುಂಟು’ ಸಾಕ್ಷಿ. ದಕ್ಷಿಣ ಆಫ್ರಿಕಾದ 1993ರ ಹಂಗಾಮಿ ಸಂವಿಧಾನದಲ್ಲಿ ಆ ಪದ ಬಂತು, ನ್ಯಾಯಾಲಯಗಳು ಬಳಸಿದವು. ಅಲ್ಲಿನ ಫಿಲಾಸಫರ್ ಮೊಗೋಬೆ ರಮೋಸೆ ಅದನ್ನು ಬಿಡಿಸಿ ‘ಉಬು’ ಯಾಕೆ, ‘ನ್ಟು’ ಯಾಕೆ ಅಂತ ಗಂಭೀರವಾಗಿ ಬರೆದರು. ಬೆಂಗಳೂರಿನಲ್ಲಿ ಉಬುಂಟು ಅಂದರೆ ಏನು ಅಂತ ಹತ್ತು ಜನರನ್ನು ಕೇಳಿ. ಕಂಪ್ಯೂಟರಿಗೆ ಹಾಕೋದು ಅಂತಾರೆ. ಮಿಕ್ಕವರು ಆಫೀಸಿನ ಪೋಸ್ಟರ್‌ನಲ್ಲಿ ಓದಿದ ‘ನಾವಿರೋದರಿಂದ ನಾನು’ ಅನ್ನೋ ಸಾಲು ಹೇಳುತ್ತಾರೆ. ಗುಂಪು ತಪ್ಪು ದಾರಿ ಹಿಡಿದಾಗ ಒಬ್ಬ ಏನು ಮಾಡಬೇಕು ಅಂತ ಜುಲು ಮಾತಾಡುವವರು ಜುಲುವಿನಲ್ಲೇ ಆಡಿರಬಹುದಾದ ಜಗಳ ಆ ಪೋಸ್ಟರಿಗೆ ಹತ್ತುವುದೇ ಇಲ್ಲ.

2013ರಲ್ಲಿ ಅಮೆರಿಕದಿಂದ ಒಂದು ಪುಸ್ತಕ ಬಂತು. ಚೈಕ್ ಜೆಫರ್ಸ್ ಅನ್ನೋ ಪ್ರಾಧ್ಯಾಪಕರು ಸಂಪಾದಿಸಿದ್ದು. ಆಫ್ರಿಕಾದ ಫಿಲಾಸಫಿ ಪ್ರೊಫೆಸರುಗಳಿಗೆ ‘ನಿಮ್ಮ ಭಾಷೆಯಲ್ಲೇ ಒಂದು ಲೇಖನ ಬರೆದುಕೊಡಿ’ ಅಂತ ಕೇಳಿದರು. ಆರು ಭಾಷೆಗಳಲ್ಲಿ ಬಂದವು. ವೊಲೊಫ್‌ನಲ್ಲಿ ಸುಲೇಮಾನ್ ಬಶೀರ್ ಜಾಞ್ ಬರೆದರು, ಗಿಕುಯು, ಅಮ್ಹಾರಿಕ್ ಲೇಖನಗಳೂ ಬಂದವು. ವಿರೆಡು ಅಕಾನ್‌ನಲ್ಲಿ ಬರೆದರು. ಬದುಕಿನುದ್ದಕ್ಕೂ ‘ನಮ್ಮ ಭಾಷೆಯಲ್ಲಿ ಯೋಚಿಸೋಣ’ ಅಂತ ಇಂಗ್ಲಿಷಿನಲ್ಲಿ ಹೇಳುತ್ತಾ ಬಂದವರು, ಎಂಬತ್ತು ದಾಟಿದ ಮೇಲೆ ಅವರ ಅಕಾನ್ ಲೇಖನ ಅಚ್ಚಾಯಿತು. ಒಂದು ಪುಟದಲ್ಲಿ ಮೂಲ, ಎದುರು ಪುಟದಲ್ಲಿ ಇಂಗ್ಲಿಷ್. ನಾನು ಓದಿದ್ದು ಎದುರು ಪುಟವನ್ನೇ, ಬೇರೆ ದಾರಿ ಇಲ್ಲ. ಆದರೆ ಆ ಪುಸ್ತಕ ಗೆಲ್ಲೋದು ನನ್ನಂಥವರು ಓದಿದಾಗ ಅಲ್ಲ. ಕುಮಾಸಿಯಲ್ಲೋ ಅಕ್ರಾದಲ್ಲೋ ಯಾರಾದರೂ ಒಬ್ಬ ಹುಡುಗಿ ಎದುರು ಪುಟವನ್ನು ಮುಚ್ಚಿಟ್ಟು, ವಿರೆಡು ಇಲ್ಲಿ ತಪ್ಪು ಹೇಳಿದ್ದಾರೆ ಅಂತ ಅಕಾನ್‌ನಲ್ಲೇ ಬರೆದಾಗ.